ಪಟ್ಟಾ ಇಲ್ಲದ ಬೆಳೆ

ವೇಳಚೇರಿಯಲ್ಲಿ ನಮ್ಮ ಬೀದಿ ಮುಗಿಯುವ ಕಡೆ ಒಬ್ಬರು ತಳ್ಳುಗಾಡಿಯಲ್ಲಿ ದ್ರಾಕ್ಷಿ ಮಾರುತ್ತಾರೆ. ಬೀಜ ಇರುವ ಕಪ್ಪು ಪನ್ನೀರ್ ದ್ರಾಕ್ಷಿ. ಎರಡು ಮೂರು ವರ್ಷ ಅವರ ಹತ್ತಿರ ನನ್ನ ಹರಕುಮುರುಕು ತಮಿಳಿನಲ್ಲೇ ಚೌಕಾಸಿ ಮಾಡಿದ್ದೇನೆ. ಕಳೆದ ತಿಂಗಳು ಒಂದು ಸಂಜೆ ಅವರು ಫೋನಿನಲ್ಲಿ ಮನೆಯವರ ಜೊತೆ ಮಾತಾಡುತ್ತಿದ್ದರು. ರಾಗ ತಮಿಳಿನದು, ಆದರೆ ನಡುನಡುವೆ ಬರುತ್ತಿದ್ದ ಮಾತುಗಳು ನಮ್ಮವು. ನನ್ನ ಕಿವಿ ನಿಮಿರಿತು.

"ಅಣ್ಣಾ, ನೀವು ಕನ್ನಡದವರಾ?"

"ಆಮಾ ಸಾರ್. ಮನೇಲೆಲ್ಲಾ ಕನ್ನಡಾನೇ. ಊರು ಕಂಬಂ."

ಪರಊರಿನಲ್ಲಿ ಕನ್ನಡ ಕೇಳಿದ ಖುಷಿಗೆ ನಾಲಿಗೆ ಸಡಿಲವಾಯಿತು. "ಓಹೋ, ಕಂಬಮ್ಮಾ! ಹಾಗಾದರೆ ದ್ರಾಕ್ಷಿ ಬುಟ್ಟಿ ತಳದಲ್ಲಿ ಬೇರೆ ಸರಕೂ ಇರಬೇಕಲ್ಲಾ" ಎಂದು ನಕ್ಕೆ.

ಅವರು ನಗಲಿಲ್ಲ. ತಕ್ಕಡಿಗೆ ಇನ್ನೊಂದು ಗೊಂಚಲು ಹಾಕಿ ತೂಗಿ, ಕಾಗದದಲ್ಲಿ ಸುತ್ತಿ ಕೊಟ್ಟರು. ದುಡ್ಡು ಎಣಿಸಿಕೊಂಡ ಮೇಲೆ ನಿಧಾನವಾಗಿ ಹೇಳಿದರು: "ನಮ್ಮಕ್ಕನ ಮಗ ಇಲ್ಲಿ ಓದೋಕೆ ಬಂದವ್ನೆ ಸಾರ್. ರೂಮು ಕೇಳೋಕೆ ಹೋದರೆ ಓನರ್ ಊರು ಯಾವುದು ಅಂದರು. ಕಂಬಂ ಅಂದ. ನಕ್ಕರು. ರೂಮು ಕೊಡಲಿಲ್ಲ. ಈಗ ನೀವೂ ನಗ್ತೀರಾ."

ಆ ರಾತ್ರಿ ದ್ರಾಕ್ಷಿ ತಿನ್ನಲು ಮನಸ್ಸಾಗಲಿಲ್ಲ. ಈ ಸಲದ ಅಂಕಣ ಆ ತಮಾಷೆಗೆ ನಾನು ಕಟ್ಟುತ್ತಿರುವ ತಪ್ಪುಗಾಣಿಕೆ.

ಕಂಬಂ ಎಂಬ ಊರು ತಮಿಳುನಾಡಿನ ತೇನಿ ಜಿಲ್ಲೆಯಲ್ಲಿ, ಪಶ್ಚಿಮ ಘಟ್ಟದ ಬುಡದಲ್ಲಿದೆ. ಬೆಟ್ಟ ಹತ್ತಿದರೆ ಕುಮಳಿ, ಅಲ್ಲಿಂದಾಚೆ ಕೇರಳ. ಈ ಕಣಿವೆಯಲ್ಲಿ ಕಪ್ಪಿಲಿಯರ್ ಎಂದು ಕರೆಯುವ ಒಕ್ಕಲು ಸಮುದಾಯ ಇದೆ. ಅವರ ಮನೆಮಾತು ಕನ್ನಡ. ನೂರಾರು ವರ್ಷಗಳ ಹಿಂದೆ ಕನ್ನಡ ಸೀಮೆಯಿಂದ ದನ ಹೊಡೆದುಕೊಂಡು ಬಂದವರು ತಾವು ಎಂಬುದು ಅವರ ನಂಬಿಕೆ. ಕಂಬಂನಲ್ಲಿ ನಂದಗೋಪಾಲಸ್ವಾಮಿಯ ಹೆಸರಿನ ದೊಡ್ಡ ದೊಡ್ಡಿಯೇ ಇದೆ. ಅಲ್ಲಿ ದನಗಳಿಗೇ ಪೂಜೆ. ಇಲ್ಲಿನ ಪನ್ನೀರ್ ದ್ರಾಕ್ಷಿಗೆ 2023ರಲ್ಲಿ ಭೌಗೋಳಿಕ ಗುರುತು, ಅಂದರೆ ಜಿಐ ಟ್ಯಾಗ್ ಸಿಕ್ಕಿತು. ಕಣಿವೆಯ ಗದ್ದೆ ತೋಟಗಳಿಗೆ ನೀರು ಬರುವುದು 1895ರಲ್ಲಿ ಮುಗಿದ ಮುಲ್ಲಪೆರಿಯಾರ್ ಅಣೆಕಟ್ಟಿನಿಂದ. ಅದನ್ನು ಕಟ್ಟಿಸಿದ ಇಂಗ್ಲಿಷ್ ಎಂಜಿನಿಯರ್ ಜಾನ್ ಪೆನ್ನಿಕ್ವಿಕ್‌ ಹೆಸರಿನಲ್ಲಿ ಇಲ್ಲಿಯ ರೈತರು ಇಂದಿಗೂ ಪೊಂಗಲ್ ಇಡುತ್ತಾರೆ.

ಇಷ್ಟೆಲ್ಲ ಇದ್ದೂ ಚೆನ್ನೈನಲ್ಲಿ ಕಂಬಂ ಎಂದರೆ ಮೊದಲು ನೆನಪಾಗುವುದು ಗಾಂಜಾ. ಆ ಹೆಸರು ಸುಮ್ಮನೆ ಬಂದದ್ದಲ್ಲ ಎನ್ನುವುದನ್ನೂ ಹೇಳಬೇಕು. 1980 ಮತ್ತು 90ರ ದಶಕಗಳಲ್ಲಿ ಮೇಲಿನ ವರುಸನಾಡು, ಮೇಘಮಲೆ ಕಾಡುಗಳಲ್ಲಿ, ಗಡಿಯಾಚೆ ಇಡುಕ್ಕಿಯ ಕಾಡುಗಳಲ್ಲಿ ಗಾಂಜಾ ಬೆಳೆದದ್ದು ನಿಜ. ಇಡುಕ್ಕಿಯ ಗಾಂಜಾ ಎಷ್ಟು ಹೆಸರುವಾಸಿ ಎಂದರೆ 2013ರಲ್ಲಿ 'ಇಡುಕ್ಕಿ ಗೋಲ್ಡ್' ಎಂದೇ ಮಲಯಾಳಂ ಸಿನಿಮಾ ಬಂತು. ಆದರೆ ಬೆಳೆ ನಿಂತಿದ್ದದ್ದು ಊರಿನ ಹೊಲಗಳಲ್ಲಿ ಅಲ್ಲ, ಮೇಲಿನ ಮೀಸಲು ಕಾಡಿನಲ್ಲಿ. ಊರಿಗೂ ಕಾಡಿಗೂ ಇರುವ ಈ ವ್ಯತ್ಯಾಸದಲ್ಲೇ ಇಡೀ ಕಥೆ ಇದೆ.

ಎರಡು ವಾರ ಬಿಟ್ಟು ತಪ್ಪೊಪ್ಪಿಕೊಳ್ಳಲು ಹೋದಾಗ ದ್ರಾಕ್ಷಿ ಅಣ್ಣ ತಮ್ಮ ಚಿಕ್ಕಪ್ಪನ ವಿಷಯ ಹೇಳಿದರು. ಏಲಕ್ಕಿ ತೋಟದ ಕೆಲಸ, ದಿನಕ್ಕೆ ಎರಡರಷ್ಟು ಕೂಲಿ ಎಂದು ಯಾರೋ ಕರೆದುಕೊಂಡು ಹೋದರಂತೆ. ಎರಡು ದಿನ ನಡೆದು ಕಾಡಿನ ಒಳಗೆ ತಲುಪಿದಾಗ ಅಲ್ಲಿದ್ದದ್ದು ಏಲಕ್ಕಿ ಅಲ್ಲ. ವಾಪಸು ಬರಲು ದಾರಿ ಗೊತ್ತಿಲ್ಲ, ಕೂಲಿ ಬೇರೆ ಬಾಕಿ. ನೀರು ಹಾಯಿಸುತ್ತಾ ಉಳಿದರು. ದಾಳಿಯ ದಿನ ಓಡಲು ಗೊತ್ತಿದ್ದವರು ಓಡಿದರು, ಇವರು ಸಿಕ್ಕಿಬಿದ್ದರು. ಮೊದಲಾಳಿ ಯಾರು ಎಂದು ಪೊಲೀಸರು ಕೇಳಿದಾಗ ಅವರ ಬಳಿ ಉತ್ತರವೇ ಇರಲಿಲ್ಲ. ಮೊದಲಾಳಿಯ ಮುಖವನ್ನೇ ಅವರು ನೋಡಿರಲಿಲ್ಲ. "ಕೇಸು ಮುಗಿಯೋ ಹೊತ್ತಿಗೆ ನಮ್ಮ ಮೂರು ಎಕರೆ ಮಾರಿ ಆಗಿತ್ತು ಸಾರ್" ಎಂದರು.

ನಾನು ಮನೆಗೆ ಬಂದು ಕಾನೂನು ತೆಗೆದು ನೋಡಿದೆ. 1985ರ ನವೆಂಬರ್‌ನಲ್ಲಿ ಜಾರಿಗೆ ಬಂದ ಎನ್‌ಡಿಪಿಎಸ್ ಕಾಯ್ದೆಯ 20ನೇ ಕಲಮಿನಂತೆ ಗಾಂಜಾ ಗಿಡ ಬೆಳೆದವರಿಗೆ 10 ವರ್ಷಗಳವರೆಗೆ ಕಠಿಣ ಸಜೆ, ಒಂದು ಲಕ್ಷ ರೂಪಾಯಿವರೆಗೆ ದಂಡ. 46ನೇ ಕಲಮು ಇನ್ನೂ ಕುತೂಹಲದ್ದು. ಯಾರ ಜಮೀನಿನಲ್ಲಿ ಗಾಂಜಾ ಬೆಳೆದಿದೆಯೋ ಆ ಜಮೀನು ಹಿಡಿದಿರುವವರು ತಕ್ಷಣ ಪೊಲೀಸರಿಗೆ ಅಥವಾ ಸಂಬಂಧಪಟ್ಟ ಇಲಾಖೆಗೆ ತಿಳಿಸಬೇಕು. ಗೊತ್ತಿದ್ದೂ ತಿಳಿಸದಿದ್ದರೆ ಅವರಿಗೂ ಶಿಕ್ಷೆ. ಅಂದರೆ ಜಮೀನಿಗೆ ಒಬ್ಬ ಹೆಸರುಳ್ಳ ಒಡೆಯ ಇರುತ್ತಾನೆ, ಅವನನ್ನು ಕೇಳಿದರೆ ಆಯಿತು ಎಂದು ಈ ಕಲಮು ನಂಬುತ್ತದೆ.

ಬೆಳೆಸುವವನಿಗೂ ಇದು ಗೊತ್ತು. ನಮ್ಮ ಚಾಮರಾಜನಗರ ಜಿಲ್ಲೆಯ ಹನೂರು ಕಡೆ ಮುಸುಕಿನ ಜೋಳದ ಸಾಲಿನ ನಡುವೆ, ಅರಿಶಿನದ ನಡುವೆ ನಾಲ್ಕು ಗಾಂಜಾ ಗಿಡ ಇಟ್ಟ ರೈತರು ಸಿಕ್ಕಿಬಿದ್ದ ಸುದ್ದಿ ಆಗಾಗ ಓದುತ್ತೀರಿ. ಪಹಣಿಯಲ್ಲಿ ಹೆಸರಿದೆ, ಮನೆ ಅಲ್ಲೇ ಇದೆ, ಬೆಳಿಗ್ಗೆ ಹೋಗಿ ಹಿಡಿದು ತರಬಹುದು. ಅದೇ ಗಿಡ ಸಾವಿರಗಟ್ಟಲೆ ಮೀಸಲು ಕಾಡಿನ ಒಳಗೆ ಇದ್ದರೆ? ಆ ನೆಲಕ್ಕೆ ಪಟ್ಟಾ ಇಲ್ಲ. ದಾಳಿಯಾದರೂ ಎಫ್‌ಐಆರ್‌ನಲ್ಲಿ ಬರುವುದು 'ಅಪರಿಚಿತರು', ಇಲ್ಲವೇ ನೀರು ಹಾಯಿಸುತ್ತಿದ್ದ ಕೂಲಿಯವನ ಹೆಸರು. ಬಂಡವಾಳ ಹಾಕಿದವನು ಕಾಗದದ ಮೇಲೆ ಎಲ್ಲೂ ಇಲ್ಲ. ಮಾರಿ ಹೋಗಬಹುದಾದ ಮೂರು ಎಕರೆ ಅವನದಲ್ಲ.

ಹಿಂದೆ ಹೀಗಿರಲಿಲ್ಲ. ಬ್ರಿಟಿಷ್ ಸರ್ಕಾರ 1893ರಲ್ಲಿ ಗಾಂಜಾ, ಭಂಗಿ, ಚರಸ್‌ಗಳ ಬಗ್ಗೆ ತನಿಖೆ ಮಾಡಲು ಒಂದು ಆಯೋಗ ಮಾಡಿತ್ತು. ಮರುವರ್ಷ ಅದು ಸಂಪುಟಗಟ್ಟಲೆ ವರದಿ ಕೊಟ್ಟಿತು. ಮದ್ರಾಸ್ ಪ್ರಾಂತ್ಯದಲ್ಲಿ ಗಾಂಜಾ ಬೆಳೆಯುವ ಕಡೆಗಳಲ್ಲಿ ಉತ್ತರ ಆರ್ಕಾಟಿನ ಜವಾದಿ ಬೆಟ್ಟವೂ ಒಂದು ಎಂದು ಅದರಲ್ಲಿದೆ. ಬಂಗಾಳದ ನವಗಾಂವ್‌ನಲ್ಲಂತೂ ಪರವಾನಗಿ ಪಡೆದ ರೈತ ಮಾತ್ರ ಬೆಳೆಯಬೇಕಿತ್ತು, ಫಸಲನ್ನು ಸರ್ಕಾರದ ಗೋದಾಮಿಗೆ ತರಬೇಕಿತ್ತು, ತೆರಿಗೆ ಕಟ್ಟಿ ಮಾರಬೇಕಿತ್ತು. ಅದು ಒಳ್ಳೆಯ ಕಾಲ ಎಂದು ನಾನು ಹೇಳುತ್ತಿಲ್ಲ. ಸರ್ಕಾರಕ್ಕೆ ಬೇಕಿದ್ದದ್ದು ತೆರಿಗೆ. ಆದರೆ ಪ್ರತಿ ಹೊಲಕ್ಕೂ ಒಂದು ಹೆಸರಿತ್ತು. ಬೆಳೆ ಅಪರಾಧವಾದ ಮೇಲೆ ಬೇಡಿಕೆ ನಿಲ್ಲಲಿಲ್ಲ, ಹೊಲದ ಮೇಲಿನ ಹೆಸರು ಮಾತ್ರ ಅಳಿಸಿಹೋಯಿತು. ಬೆಳೆ ಹೆಸರಿಲ್ಲದ ನೆಲ ಹುಡುಕಿಕೊಂಡು ಬೆಟ್ಟ ಹತ್ತಿತು.

ಕಾಡಿನಲ್ಲಿ ಅದು ಏನು ಮಾಡುತ್ತದೆ ಎನ್ನುವುದು ಪಟ್ಟಣದಲ್ಲಿ ಕೂತ ನಮಗೆ ಕಾಣುವುದಿಲ್ಲ. ಗಾಂಜಾ ಬಿಸಿಲಿನ ಗಿಡ. ನೆರಳಿನಲ್ಲಿ ಹೂ ತುಂಬುವುದಿಲ್ಲ. ಹಾಗಾಗಿ ಮರ ಕಡಿಯಬೇಕು, ಕುರುಚಲು ಸವರಬೇಕು, ಸುಡಬೇಕು. ಮಳೆಗಾಲದ ಆರಂಭದಲ್ಲಿ ನೆಟ್ಟರೆ ಚಳಿಗಾಲದಲ್ಲಿ ಕೊಯ್ಲು. ಮಳೆ ನಿಂತ ಮೇಲೂ ನೀರು ಬೇಕಾದ್ದರಿಂದ ಜಾಗ ಹುಡುಕುವುದೇ ಝರಿಯ ಪಕ್ಕ. ಒಂದು ಕಪ್ಪು ಪೈಪು ಎಳೆದರೆ ಝರಿ ಕೆಳಗೆ ಹರಿಯುವುದಿಲ್ಲ. ಎಳೆ ಗಿಡವನ್ನು ಇಲಿ ಕಡಿಯುತ್ತದೆ, ಕಡವೆ ಮೇಯುತ್ತದೆ. ಕಾಯಲು ಜನ ತಿಂಗಳುಗಟ್ಟಲೆ ಅಲ್ಲೇ ಇರಬೇಕು. ಅವರ ಒಲೆಗೆ ಸೌದೆ, ಸಾರಿಗೆ ಮಾಂಸ, ಎರಡೂ ಕಾಡಿನದೇ.

ಇದರ ಲೆಕ್ಕವನ್ನು ಸರಿಯಾಗಿ ತೆಗೆದವರು ಅಮೆರಿಕದ ಕ್ಯಾಲಿಫೋರ್ನಿಯಾದವರು. ಅಲ್ಲೂ ಸಿಕೋಯಾದಂಥ ರಾಷ್ಟ್ರೀಯ ಉದ್ಯಾನಗಳ ಒಳಗೆ, ಸರ್ಕಾರಿ ಕಾಡುಗಳ ಒಳಗೆ ಕದ್ದು ಗಾಂಜಾ ಬೆಳೆಯುತ್ತಾರೆ. ಆ ಕಾಡುಗಳಲ್ಲಿ ಫಿಶರ್ ಎಂಬ ಪ್ರಾಣಿ ಇದೆ, ಮೇಘಮಲೆಯಲ್ಲಿರುವ ನಮ್ಮ ನೀಲಗಿರಿ ಮಾರ್ಟೆನ್‌ನ ನೆಂಟ. 2012ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಸತ್ತ 58 ಫಿಶರ್‌ಗಳನ್ನು ಪರೀಕ್ಷಿಸಿದಾಗ 46ರ ದೇಹದಲ್ಲಿ ಇಲಿಪಾಷಾಣ ಸಿಕ್ಕಿತು. ಊರಿನಿಂದ ಅಷ್ಟು ದೂರದ ಕಾಡಿಗೆ ಇಲಿಪಾಷಾಣ ಹೇಗೆ ಬಂತು? ಗಾಂಜಾ ತೋಟಗಳ ಸುತ್ತ ಚೆಲ್ಲಿದ್ದರು. ಇಲಿ ತಿಂದಿತು, ಇಲಿಯನ್ನು ಫಿಶರ್ ತಿಂದಿತು, ರಕ್ತ ಹೆಪ್ಪುಗಟ್ಟದೆ ಒಳಗೇ ಸೋರಿ ಸತ್ತಿತು. ಕ್ಯಾಲಿಫೋರ್ನಿಯಾ 2016ರಲ್ಲಿ ಮತ ಹಾಕಿ ಗಾಂಜಾವನ್ನು ಕಾನೂನುಬದ್ಧ ಮಾಡಿತು, 2018ರಿಂದ ಅಂಗಡಿಗಳಲ್ಲೇ ಸಿಗುತ್ತದೆ. ಆದರೂ ಕಾಡಿನೊಳಗಿನ ಕಳ್ಳ ತೋಟಗಳು ಪೂರ್ತಿ ನಿಂತಿಲ್ಲ. ಬಾಡಿಗೆ ಇಲ್ಲ, ತೆರಿಗೆ ಇಲ್ಲ, ನೀರಿಗೆ ಬಿಲ್ಲಿಲ್ಲ. ಪುಕ್ಕಟೆ ನೆಲವನ್ನು ಯಾರು ಬಿಡುತ್ತಾರೆ?

ಈಗ ವರುಸನಾಡಿಗೆ ವಾಪಸು ಬನ್ನಿ. ವೈಗೈ ನದಿ ಹುಟ್ಟುವುದೇ ಆ ಬೆಟ್ಟಗಳಲ್ಲಿ. ತೇನಿ, ಮದುರೈ, ಶಿವಗಂಗೆ, ರಾಮನಾಥಪುರದವರೆಗೆ ಜನ ಕಾಯುವುದು ಆ ನೀರಿಗೆ. ಅಲ್ಲಿ ಒಬ್ಬ ಹೆಸರಿಲ್ಲದವನು ಮರ ಕಡಿದು ಝರಿಗೆ ಪೈಪು ಹಾಕಿದರೆ ಅದರ ಲೆಕ್ಕ ರಾಮನಾಥಪುರದ ಹೆಂಗಸಿನ ಬಿಂದಿಗೆಯಲ್ಲಿ ಕಾಣುತ್ತದೆ. 2021ರ ಫೆಬ್ರವರಿಯಲ್ಲಿ ಶ್ರೀವಿಲ್ಲಿಪುತ್ತೂರು–ಮೇಘಮಲೆ ಪ್ರದೇಶವನ್ನು ಹುಲಿ ಸಂರಕ್ಷಿತ ಪ್ರದೇಶ ಎಂದು ಘೋಷಿಸಿದರು. ಸಾವಿರ ಚದರ ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚು ಕಾಡು. ಹುಲಿಯ ಹೆಸರಿನಲ್ಲಿ ಉಳಿಯುತ್ತಿರುವುದು ಒಂದು ನದಿ ಕೂಡ.

ತಮಿಳುನಾಡು ಪೊಲೀಸರು 2021ರ ಡಿಸೆಂಬರ್‌ನಲ್ಲಿ 'ಆಪರೇಷನ್ ಗಾಂಜಾ ವೇಟ್ಟೈ' ಶುರು ಮಾಡಿದರು. ವೇಟ್ಟೈ ಎಂದರೆ ನಮ್ಮ ಬೇಟೆಯೇ. ರಾಜ್ಯದ ಒಳಗೆ ಈಗ ಗಾಂಜಾ ಬೆಳೆಯೇ ಇಲ್ಲ, ಬರುವುದೆಲ್ಲ ಹೊರಗಿನಿಂದ ಎಂದು ಸರ್ಕಾರ ಹೇಳುತ್ತದೆ. ಸಂತೋಷವೇ. ಆದರೆ ಹೊರಗೆ ಎಂದರೆ ಎಲ್ಲಿ? ಆಂಧ್ರ–ಒಡಿಶಾ ಗಡಿಯ ಪೂರ್ವ ಘಟ್ಟ. ವಿಶಾಖಪಟ್ಟಣದ ಮೇಲಿನ ಚಿಂತಪಲ್ಲಿ, ಪಾಡೇರು ಕಡೆಯ ಏಜೆನ್ಸಿ ಪ್ರದೇಶ, ಆಚೆ ಮಲ್ಕಾನ್‌ಗಿರಿ, ಕೋರಾಪುಟ್. ಅಲ್ಲೂ ಆದಿವಾಸಿಗಳ ಕುಮರಿ ಬೇಸಾಯದ ಜಾಗಗಳಲ್ಲಿ, ಕಾಡಿನ ಒಳಗೆ. ಅಲ್ಲೂ ದುಡ್ಡು ಹಾಕುವವರು ಹೊರಗಿನವರು, ಬೆನ್ನು ಬಗ್ಗಿಸುವವರು ಸ್ಥಳದವರು. ಆಂಧ್ರ ಪೊಲೀಸರು 2021ರ ಕೊನೆಗೆ 'ಆಪರೇಷನ್ ಪರಿವರ್ತನ' ನಡೆಸಿ ಸಾವಿರಾರು ಎಕರೆ ಗಾಂಜಾ ಕಡಿದು ಹಾಕಿದರು. 2022ರ ಫೆಬ್ರವರಿಯಲ್ಲಿ ಅನಕಾಪಲ್ಲಿ ಹತ್ತಿರ ಸುಮಾರು ಎರಡು ಲಕ್ಷ ಕಿಲೋ ಗಾಂಜಾವನ್ನು ಒಟ್ಟುಹಾಕಿ ಸುಟ್ಟರು.

ಎರಡು ಲಕ್ಷ ಕಿಲೋ. ಅಷ್ಟನ್ನೂ ಆ ಬೆಟ್ಟದ ಜನ ಸೇದಲು ಬೆಳೆದಿರಲಿಲ್ಲ. ಅದು ಹೋಗುತ್ತಿದ್ದದ್ದು ನಾವಿರುವ ಊರುಗಳಿಗೆ: ಚೆನ್ನೈಗೆ, ಬೆಂಗಳೂರಿಗೆ, ಹೈದರಾಬಾದಿಗೆ, ಮುಂಬೈಗೆ. ವಿಶಾಖಪಟ್ಟಣದ ಕಡೆಯಿಂದ ಬರುವ ರೈಲುಗಳಲ್ಲಿ ಸೀಟಿನ ಕೆಳಗೆ ಒಡೆಯನಿಲ್ಲದ ಬ್ಯಾಗು ಸಿಕ್ಕಿತು ಎಂಬ ಸುದ್ದಿಯನ್ನು ನೀವೂ ಓದಿರುತ್ತೀರಿ. ನೋಡಿ, ಅಲ್ಲೂ ಹಾಗೇ: ನೆಲಕ್ಕೆ ಹೆಸರಿಲ್ಲ, ಬ್ಯಾಗಿಗೂ ಹೆಸರಿಲ್ಲ. ಹೆಸರು ಬರುವುದು ಅದನ್ನು ಹೊತ್ತ ಕೂಲಿಯವನಿಗೆ, ಮತ್ತು ಬೆಳೆದ ಊರಿಗೆ. ಕಾಯ್ದೆಯ ಪ್ರಕಾರ 20 ಕಿಲೋ ದಾಟಿದರೆ ಅದು 'ವಾಣಿಜ್ಯ ಪ್ರಮಾಣ': ಕನಿಷ್ಠ 10 ವರ್ಷ, ಜಾಮೀನು ಸಿಗುವುದೂ ಕಷ್ಟ. ಒಂದು ಕಿಲೋ ಒಳಗಿದ್ದರೆ ಹೆಚ್ಚೆಂದರೆ ಒಂದು ವರ್ಷ. ಐಟಿ ರಸ್ತೆಯ ಯಾವುದೋ ಫ್ಲಾಟಿನಲ್ಲಿ ಶನಿವಾರ ರಾತ್ರಿ ಬಿಚ್ಚುವ ಪೊಟ್ಟಣ ಕೆಲವೇ ಗ್ರಾಮಿನದು. ತೂಕದ ಹಾಗೇ ಶಿಕ್ಷೆಯೂ ತಪ್ಪಿನ ಅಳುಕೂ ಕಡಿಮೆಯಾಗುತ್ತಾ ಬಂದು, ನಮ್ಮ ಬಾಗಿಲಿಗೆ ತಲುಪುವಾಗ ಅದು ಬರೀ ತಮಾಷೆ ಆಗಿರುತ್ತದೆ. ನಾನು ಮಾಡಿದೆನಲ್ಲ, ಅಂಥ ತಮಾಷೆ.

"ಗಿಡ ತಾನೇ, ಸಿಗರೇಟಿಗಿಂತ ವಾಸಿ" ಎನ್ನುವ ಗೆಳೆಯರು ನನಗೂ ಇದ್ದಾರೆ. ಸೇದುವುದು ಸರಿಯೋ ತಪ್ಪೋ ಎಂಬ ಚರ್ಚೆಗೆ ನಾನು ಇವತ್ತು ಇಳಿಯುವುದಿಲ್ಲ. ನನ್ನ ಪ್ರಶ್ನೆ ಬೇರೆ: ಆ ಗಿಡ ಯಾರ ನೆಲದಲ್ಲಿ ಬೆಳೆಯಿತು? ಅದಕ್ಕಾಗಿ ಯಾವ ಝರಿ ಬತ್ತಿತು? ಯಾರ ಚಿಕ್ಕಪ್ಪ ಜೈಲಿಗೆ ಹೋದ?

ಇದಕ್ಕೆ ದಾರಿಯೇ ಇಲ್ಲ ಎಂದೇನೂ ಇಲ್ಲ. ಎರಡು ಉದಾಹರಣೆ ಕೊಡುತ್ತೇನೆ.

ಮೊದಲನೆಯದು ಕಂಬಂ ಪಕ್ಕದ್ದೇ. ಪೆರಿಯಾರ್ ಹುಲಿ ಸಂರಕ್ಷಿತ ಪ್ರದೇಶದಲ್ಲಿ ಕಾಡು ದಾಲ್ಚಿನ್ನಿಯ ತೊಗಟೆ ಸುಲಿದು ಸಾಗಿಸುವ ಗುಂಪೊಂದಿತ್ತು. ತೊಗಟೆಗೆ ಅಲ್ಲಿ ವಯಣ ಎನ್ನುತ್ತಾರೆ. ಅರಣ್ಯ ಇಲಾಖೆ 1990ರ ದಶಕದ ಕೊನೆಗೆ ಅವರ ಜೊತೆ ಕೂತು ಮಾತಾಡಿತು. ಕಳ್ಳಸಾಗಣೆ ಬಿಡಬೇಕು, ಕಾಡು ಕಾಯಬೇಕು. ಬದಲಿಗೆ ಪ್ರವಾಸಿಗರನ್ನು ಕಾಡಿನಲ್ಲಿ ನಡೆಸಿಕೊಂಡು ಹೋಗುವ ಕೆಲಸ, ಅದರ ಆದಾಯ. ಇಪ್ಪತ್ತಮೂರು ಜನ ಒಪ್ಪಿದರು. 'ಪೆರಿಯಾರ್ ಟೈಗರ್ ಟ್ರೇಲ್' ಹುಟ್ಟಿದ್ದು ಹಾಗೆ. ಕಳ್ಳದಾರಿಗಳೆಲ್ಲ ಅವರಿಗೆ ಗೊತ್ತಿದ್ದವು, ಅದೇ ಈಗ ಕಾವಲಿಗೆ ಬಂತು. ಗಮನಿಸಿ, ಇಲಾಖೆ ಮಾಡಿದ ಮೊದಲ ಕೆಲಸ 'ಅಪರಿಚಿತರು' ಎಂಬ ಮಾತನ್ನು ಬಿಟ್ಟು ಅವರನ್ನು ಹೆಸರು ಹಿಡಿದು ಕರೆದದ್ದು.

ಎರಡನೆಯದು ಕಾಫಿ. ಏಜೆನ್ಸಿ ಪ್ರದೇಶದ ಆದಿವಾಸಿಗಳಿಗೆ ಗಾಂಜಾ ಬದಲು ಕಾಫಿ, ಮೆಣಸು ಹಚ್ಚುವ ಪ್ರಯತ್ನ ನಡೆಯುತ್ತಿದೆ. ಅರಕು ಕಣಿವೆಯ ಅರೇಬಿಕಾಗೆ ಜಿಐ ಗುರುತು ಸಿಕ್ಕಿದ್ದು 2019ರಲ್ಲಿ, ನಮ್ಮ ಕೊಡಗು, ಚಿಕ್ಕಮಗಳೂರು, ಬಾಬಾಬುಡನ್‌ಗಿರಿ ಕಾಫಿಗಳ ಜೊತೆಗೇ. ಗಾಂಜಾಗೆ ಬಿಸಿಲು ಬೇಕು, ಮರ ಬೀಳುತ್ತದೆ. ನಮ್ಮ ಮಲೆನಾಡಿನ ಪದ್ಧತಿಯ ಕಾಫಿಗೆ ನೆರಳು ಬೇಕು, ಮರ ಉಳಿಯುತ್ತದೆ. ಕಷ್ಟ ಒಂದೇ. ಗಾಂಜಾ ಆರು ತಿಂಗಳಿಗೆ ದುಡ್ಡು ಕೊಡುತ್ತದೆ, ಕಾಫಿ ಮೂರು ನಾಲ್ಕು ವರ್ಷ ಕಾಯಿಸುತ್ತದೆ. ಆ ನಡುವಿನ ವರ್ಷಗಳಲ್ಲಿ ಅವರ ಮನೆಯ ಒಲೆ ಹೇಗೆ ಉರಿಯಬೇಕು ಎನ್ನುವುದನ್ನು ಸರ್ಕಾರ ನೋಡಿಕೊಳ್ಳದಿದ್ದರೆ, ಸಾಲ ಕೊಡುವವನು ಮತ್ತೆ ಅದೇ ಬೀಜ ಹಿಡಿದು ಬರುತ್ತಾನೆ.

ಬೆಟ್ಟದ ಕಾಡುಗಳು ದೂರ ಎನಿಸಿದರೆ ನಮ್ಮ ಮನೆಪಕ್ಕದ ಕಾಡು ನೋಡಿ. ಗಿಂಡಿ ರಾಷ್ಟ್ರೀಯ ಉದ್ಯಾನ ಊರ ನಡುವೆ ಇದೆ. 1910ರಲ್ಲಿ ಮೀಸಲು ಅರಣ್ಯವಾಯಿತು. ಆಮೇಲೆ ಐಐಟಿಗೆ ಒಂದು ಪಾಲು, ಸ್ಮಾರಕಗಳಿಗೆ ಒಂದು ಪಾಲು ಹೋಗಿ, 1978ರಲ್ಲಿ ರಾಷ್ಟ್ರೀಯ ಉದ್ಯಾನ ಆಗುವಾಗ ಉಳಿದದ್ದು ಸುಮಾರು 270 ಹೆಕ್ಟೇರ್. ಅಲ್ಲಿ ಗಾಂಜಾ ಬೆಳೆಯುವ ಧೈರ್ಯ ಯಾರಿಗೂ ಬರದು. ಸುತ್ತ ಗೋಡೆ, ಗೋಡೆಯಾಚೆ ಲಕ್ಷಾಂತರ ಕಣ್ಣು. ಕೃಷ್ಣಮೃಗ ಕಾಣಿಸಿದರೆ ಫೋಟೊ ಹಾಕುತ್ತೇವೆ, ಮರ ಕಡಿದರೆ ಕೂಗು ಹಾಕುತ್ತೇವೆ. ಆ ನೆಲಕ್ಕೂ ಪಟ್ಟಾ ಇಲ್ಲ. ಆದರೂ ಅದು ನಮ್ಮದು ಎಂದು ನಮಗೆ ಅನಿಸುತ್ತದೆ, ಅದಕ್ಕೇ ಉಳಿದಿದೆ. ಮೇಘಮಲೆಯನ್ನೂ ಚಿಂತಪಲ್ಲಿಯನ್ನೂ ಕಾಯುವವರು ಕೆಲವೇ ಜನ. ಅವರಲ್ಲೂ ಬಹಳ ಮಂದಿ ಸ್ಥಳೀಯ ಆದಿವಾಸಿಗಳು, ಹಂಗಾಮಿ ಸಂಬಳದ ಮೇಲೆ ಕಾಡು ಸುತ್ತುವವರು.

46ನೇ ಕಲಮಿನ ಜಮೀನು ಹಿಡಿದವರ ಮಾತು ನನ್ನನ್ನು ಇನ್ನೂ ಬಿಟ್ಟಿಲ್ಲ. ಕೋರ್ಟಿನಲ್ಲಿ ಅದರ ಅರ್ಥ ಬೇರೆ ಇರಬಹುದು. ಆದರೆ ಮೀಸಲು ಕಾಡು ಎಂದರೆ ಸರ್ಕಾರದ ನೆಲ, ಸರ್ಕಾರದ ನೆಲ ಎಂದರೆ ನಿಮ್ಮ ನನ್ನ ನೆಲ. ಅಲ್ಲಿ ಏನು ಬೆಳೆಯುತ್ತಿದೆ ಎಂದು ಗೊತ್ತಿದ್ದೂ ನಕ್ಕು ಸುಮ್ಮನಿರುವುದು ಹಿಡುವಳಿದಾರನಿಗೆ ಒಪ್ಪುವ ಮಾತಲ್ಲ.

ಅಂದಹಾಗೆ, ಅಕ್ಕನ ಮಗನಿಗೆ ರೂಮು ಸಿಕ್ಕಿತು. ನಮ್ಮ ಕನ್ನಡದ ಗೆಳೆಯರೊಬ್ಬರ ಮನೆಯ ಮಹಡಿ. ಊರು ಯಾವುದು ಎಂದು ಅವರೂ ಕೇಳಿದರು. ಹುಡುಗ ಅಳುಕುತ್ತಲೇ ಕಂಬಂ ಎಂದ. "ದ್ರಾಕ್ಷಿ ಊರಾ? ಊರಿಗೆ ಹೋದಾಗ ಒಂದು ಬುಟ್ಟಿ ತಾಪ್ಪಾ" ಎಂದರಂತೆ. ನೀವೂ ಮುಂದಿನ ಸಲ ಕಂಬಂನವರು ಸಿಕ್ಕಿದರೆ ಹಾಗೇ ಕೇಳಿ. ಕನ್ನಡದಲ್ಲೇ ಕೇಳಿ, ಅವರಿಗೆ ಅರ್ಥವಾಗುತ್ತದೆ.